ನರಸಮ್ಮನ ಕೈಗುಣ ಮತ್ತು ಹೆರಿಗೆ ಕೋಣೆಯ ಬಾಗಿಲು

ಮಾನ್ಯರೇ,

ಡಿಸೆಂಬರ್ 25 ಬಂದರೆ ಸೂಲಗಿತ್ತಿ ನರಸಮ್ಮನವರ ಪುಣ್ಯಸ್ಮರಣೆ. ಫೋಟೊಕ್ಕೆ ಹಾರ ಬೀಳುತ್ತದೆ. 15 ಸಾವಿರ ಹೆರಿಗೆ, ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟು, 2018ರ ಪದ್ಮಶ್ರೀ, ಇಷ್ಟನ್ನು ಹೇಳಿ ಭಾಷಣ ಮುಗಿಸುತ್ತಾರೆ. ಆ ಕೈ ಏನು ಮಾಡುತ್ತಿತ್ತು, ಯಾವಾಗ ಏನೂ ಮಾಡದೆ ಸುಮ್ಮನಿರುತ್ತಿತ್ತು ಎಂದು ಕೇಳಿದವರು ಕಡಿಮೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಹುಟ್ಟಿದ್ದು 1920ರಲ್ಲಿ. ಮದುವೆ 12ನೇ ವಯಸ್ಸಿಗೇ. ಹೆತ್ತ 12 ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು. ನರಸಮ್ಮನವರ ಹೆರಿಗೆಗಳಲ್ಲಿ ಐದನ್ನು ಮಾಡಿಸಿದ್ದು ಅಜ್ಜಿ ಮರಿಗೆಮ್ಮ, ವಿದ್ಯೆ ಕೊಟ್ಟಿದ್ದೂ ಅವರೇ. ಮೊಮ್ಮಗಳು ಶಾಲೆಯ ಮೆಟ್ಟಿಲು ಹತ್ತದೆ, ಮೊದಲು ತನ್ನ ಮೈಮೇಲೆ ಕಂಡು ಕಲಿತಳು. ಮನೆ ತುಂಬ ಮಕ್ಕಳಿದ್ದಾಗಲೂ ಬೇರೆಯವರ ಬೇನೆಗೆ ಎದ್ದು ಹೋಗುವ ಗಟ್ಟಿತನ, ಒಂದು ಪೈಸೆ ಕೇಳದ ಹಟ ಎರಡೂ ಇದ್ದವು. ಹೆರಿಗೆಯ ಮೈಲಿಗೆ ಮುಟ್ಟಲು ದಲಿತ ಹೆಂಗಸರನ್ನೇ ಕರೆದು, ಕೂಸು ಅತ್ತ ಮೇಲೆ ಅವರನ್ನು ಹೊಸಿಲಾಚೆ ನಿಲ್ಲಿಸುತ್ತಿದ್ದ ಕಾಲ ಅದು ಎಂಬುದನ್ನೂ ಇಲ್ಲಿ ಸೇರಿಸಬೇಕು.

ಒಳ್ಳೆಯ ಸೂಲಗಿತ್ತಿಗೆ ಮೊದಲು ಬೇಕಾದದ್ದು ಕಾಯುವ ತಾಳ್ಮೆ. ಚೊಚ್ಚಲ ಬೇನೆ ಜೋರು ಹಿಡಿದ ಮೇಲೂ 10–12 ತಾಸು ಹಿಡಿಯಬಹುದು. ಅಷ್ಟು ಹೊತ್ತೂ ಬಸುರಿಯನ್ನು ಅಂಗಾತ ಮಲಗಿಸದೆ ನಡೆದಾಡಿಸಬೇಕು, ಒಲ್ಲದಿದ್ದರೆ ಎಡಮಗ್ಗುಲಿಗೆ ಮಲಗಿಸಬೇಕು. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮೊದಲೇ ‘ಮುಕ್ಕು, ಮುಕ್ಕು’ ಎಂದು ಒತ್ತಾಯಿಸಿದರೆ ಬಾಯಿ ಊದಿಕೊಳ್ಳುತ್ತದೆ, ತಾಯಿ ಸುಸ್ತಾಗಿ ನಿಜವಾಗಿ ಮುಕ್ಕಬೇಕಾದಾಗ ಕಸುವಿರುವುದಿಲ್ಲ. ಕೂಸಿನ ನೆತ್ತಿ ಕಂಡು ಒಳಗೆ ಸರಿಯದೆ ನಿಂತಾಗ ಮುಕ್ಕುವುದನ್ನು ನಿಲ್ಲಿಸಿ, ಬಾಯಿ ತೆರೆದು ಸಣ್ಣ ಸಣ್ಣ ಉಸಿರು ಬಿಡಿಸಬೇಕು. ಅಂಗೈಯನ್ನು ನೆತ್ತಿಗೆ ಹಗುರವಾಗಿ ಆನಿಸಿ ತಲೆಯನ್ನು ನಿಧಾನಕ್ಕೆ ಬರಗೊಡಬೇಕು. ಇಲ್ಲಿ ಅರ್ಧ ನಿಮಿಷ ಅವಸರ ಮಾಡಿದರೂ ಹರಿದು ಹೊಲಿಗೆ ಬೀಳುತ್ತದೆ. ಜನ ಕೈಗುಣ ಎನ್ನುತ್ತಿದ್ದದ್ದು ಹೆಚ್ಚಾಗಿ ಇದನ್ನೇ.

ಆಮೇಲೆ ಕೂಸಿನ ಹಿಂದೆ ಬೀಳುವ ಮಾಸು. ಅದು ಬಿದ್ದ ಮೇಲೆಯೇ ಹೊಕ್ಕುಳ ಬಳ್ಳಿ ಕತ್ತರಿಸುವ ರೂಢಿ ಹಳ್ಳಿಗಳಲ್ಲಿತ್ತು. ಆಸ್ಪತ್ರೆಗಳು ಹುಟ್ಟಿದ ಕೂಡಲೇ ಕತ್ತರಿಸುತ್ತಿದ್ದವು, ಈಗ ಕನಿಷ್ಠ ಒಂದು ನಿಮಿಷ ತಡೆಯಿರಿ ಎಂಬ ನಿಯಮ ಬಂದಿದೆ. ಬಳ್ಳಿ ಉದ್ದವಾಗಿ ಇಳಿದು, ಒಮ್ಮೆ ರಕ್ತ ಬಂದು, ಹೊಕ್ಕುಳ ಕೆಳಗೆ ಹೊಟ್ಟೆ ತೆಂಗಿನಕಾಯಿಯಂತೆ ಗಟ್ಟಿಯಾದರೆ ಮಾಸು ಬಿಟ್ಟಿದೆ ಎಂದರ್ಥ. ಅದಕ್ಕೂ ಮೊದಲು ಬಳ್ಳಿ ಹಿಡಿದು ಎಳೆದವರಿಂದ ಜೀವ ಹೋಗಿವೆ.

ಹಳೆಯದೆಲ್ಲ ಚಿನ್ನವಾಗಿರಲಿಲ್ಲ. ಅನೇಕ ಕಡೆ ಕುಡುಗೋಲಿನಲ್ಲಿ ಬಳ್ಳಿ ಕೊಯ್ದು ಬೂದಿ, ಸಗಣಿ ಮೆತ್ತುತ್ತಿದ್ದರು. ಐದಾರು ದಿನಕ್ಕೆ ಕೂಸು ಮೊಲೆ ಚೀಪಲಾಗದೆ ದವಡೆ ಕಚ್ಚಿಕೊಳ್ಳುತ್ತಿತ್ತು. ಅದು ಧನುರ್ವಾಯು. ಬಸುರಿಗೆ ಚುಚ್ಚುಮದ್ದು, ಹೊಸ ಬ್ಲೇಡು, ತೊಳೆದ ಕೈ ಇವುಗಳಿಂದ ಹತೋಟಿಗೆ ಬಂದು, 2015ರಲ್ಲಿ ದೇಶ ಅದರಿಂದ ಪಾರಾಯಿತೆಂದು ಘೋಷಣೆಯಾಯಿತು. ಇನ್ನು ಹೆರಿಗೆ ಬಳಿಕದ ರಕ್ತಸ್ರಾವ ಅರ್ಧ ಲೀಟರ್ ದಾಟಿದರೆ ಮನೆಯಲ್ಲಿ ಯಾವ ಕೈಗುಣವೂ ನಡೆಯದು. ಕೂಸು ಹೊರಬಂದ ನಿಮಿಷದೊಳಗೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್, ಅಂದರೆ ಗರ್ಭಕೋಶವನ್ನು ಬಿಗಿಯಾಗಿಸುವ ಚುಚ್ಚುಮದ್ದು, ಎಷ್ಟೋ ತಾಯಂದಿರನ್ನು ಉಳಿಸಿದೆ. ಆದ್ದರಿಂದ ಮನೆ ಹೆರಿಗೆಗೆ ಮರಳಿ ಎಂದು ನಾವು ಬರೆಯುತ್ತಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಸಂತೋಷ. ಆದರೆ ಸೂಲಗಿತ್ತಿ ಬೇನೆಯುದ್ದಕ್ಕೂ ಪಕ್ಕದಲ್ಲೇ ಕೂರುತ್ತಿದ್ದಳಲ್ಲ, ಆ ಜಾಗ ಖಾಲಿ ಬಿದ್ದಿದೆ. ಮೂರು ನಾಲ್ಕು ಹೆರಿಗೆ ಒಟ್ಟಿಗೆ ಬಂದಾಗ ಒಬ್ಬ ಸಿಸ್ಟರ್ ಯಾರ ಬೆನ್ನು ನೀವಬೇಕು? ಹೆತ್ತಮ್ಮನೋ ಅಜ್ಜಿಯೋ ಮಾತ್ರ ಫ್ಲಾಸ್ಕು, ಹಳೇ ಸೀರೆಗಳ ಗಂಟು ಹಿಡಿದು ಬಾಗಿಲ ಹೊರಗೆ ನಿಂತಿರುತ್ತಾರೆ.

ಅವರನ್ನು ಒಳಗೆ ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಸಂಗಾತಿಯಾಗಿ ಬರುವ ಹೆಂಗಸು ತಾನೂ ಹೆತ್ತವಳಾಗಿರಬೇಕು, ಅಂಟುರೋಗ ಇರಬಾರದು, ಒಗೆದ ಬಟ್ಟೆ ತೊಟ್ಟಿರಬೇಕು, ಕೊನೆಯವರೆಗೂ ಇರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಇವೇ ಮುಖ್ಯ ಷರತ್ತುಗಳು. ಬಾಗಿಲಲ್ಲಿ ತಡೆಯುವುದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಪಕ್ಕದ ಟೇಬಲ್ಲಿನ ಹೆಂಗಸಿನ ಮರ್ಯಾದೆ. ಅದಕ್ಕೆ ಎರಡು ಟೇಬಲ್ಲುಗಳ ನಡುವೆ ಕಂಬಿ ಹಾಕಿ ಪರದೆ ಬಿಟ್ಟರಾಯಿತು. ಒಳಗೆ ಬಂದ ಅಜ್ಜಿ ಗಾಬರಿಯಾಗಿ ಕೂಗಾಡುತ್ತಾಳೆ ಎನ್ನುವುದು ಇನ್ನೊಂದು ದೂರು. ಇದು ಸುಳ್ಳಲ್ಲ. ಏಳನೇ ತಿಂಗಳಿಗೇ ತಾಯಿ ಕಾರ್ಡಿನಲ್ಲಿ ಸಂಗಾತಿಯ ಹೆಸರು ಬರೆದುಕೊಂಡು, ತಪಾಸಣೆಗೆ ಬಂದಾಗ ಆಕೆಗೂ ಹೇಳಿಕೊಟ್ಟರೆ ಗಾಬರಿ ಕಡಿಮೆಯಾಗುತ್ತದೆ. ಸೊಂಟದ ಕೆಳಗೆ ಅಂಗೈಯ ಬುಡದಿಂದ ಒತ್ತಿ ನೀವುವುದು, ಗುಟುಕು ಗುಟುಕಾಗಿ ನೀರು ಕುಡಿಸುವುದು, ಎರಡು ತಾಸಿಗೊಮ್ಮೆ ಮೂತ್ರಕ್ಕೆ ಎಬ್ಬಿಸುವುದು (ಮೂತ್ರಕೋಶ ತುಂಬಿದರೆ ಕೂಸಿನ ತಲೆ ಇಳಿಯುವುದು ತಡವಾಗುತ್ತದೆ), ಹೊಟ್ಟೆಯನ್ನು ಮಾತ್ರ ಒತ್ತದಿರುವುದು. ಕಲಿಸಲು ಹತ್ತು ನಿಮಿಷ ಸಾಕು.

ನರಸಮ್ಮ ತೀರಿಕೊಂಡ 2018ರ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಯ ಮಾರ್ಗಸೂಚಿ ಹೊರಡಿಸಿತು. ನರ್ಸುಗಳಿಗೆ 18 ತಿಂಗಳ ತರಬೇತಿ ಕೊಟ್ಟು ಸಹಜ ಹೆರಿಗೆಯನ್ನು ಅವರಿಗೇ ಒಪ್ಪಿಸುವ ಯೋಜನೆ ಅದು. ಅಂಥವರು ಪಾವಗಡದಂಥ ತಾಲ್ಲೂಕುಗಳಿಗೆಲ್ಲ ತಲುಪುವುದಕ್ಕೆ ಕಾಲ ಹಿಡಿಯಬಹುದು. ಪರದೆ ಮತ್ತು ಸಂಗಾತಿ ಕೂರಲು ಒಂದು ಸ್ಟೂಲಿಗೆ ಅಷ್ಟು ಕಾಯಬೇಕಿಲ್ಲ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲೇ ಇದೇ ತಿಂಗಳು ಕೊಳ್ಳಬಹುದು.

– ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರು, ತುಮಕೂರು ಜಿಲ್ಲೆ