ಗುರುದತ್ ಬಗ್ಗೆ ಬರೆಯುವಾಗ ಆ ಬಿಸಿಲುಕೋಲನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹಿಂದಿ ನಿರ್ದೇಶಕ ಗುರುದತ್ ಅವರ ಮೇಲೆ ಬಂದ ಲೇಖನ ಓದಿದೆ. ಅರ್ಧ ಪುಟ ಕೊಟ್ಟಿದ್ದೀರಿ, ಸಂತೋಷ. ಆದರೆ ಮುಕ್ಕಾಲು ಪಾಲು ಬರೀ ಅವರ ಕುಡಿತ, ಸಂಸಾರದ ನೋವು, 1964ರ ಅಕ್ಟೋಬರ್ 10ರ ಸಾವು. ಅವರು ಸಿನಿಮಾ ಹೇಗೆ ಮಾಡುತ್ತಿದ್ದರು ಅನ್ನುವುದಕ್ಕೆ ಉಳಿದದ್ದು ಐದಾರು ಸಾಲು. ಕ್ಯಾಮೆರಾ ಹಿಡಿದ ವಿ.ಕೆ. ಮೂರ್ತಿ ಅವರ ಹೆಸರು ಎಲ್ಲೂ ಇಲ್ಲ. ಕನ್ನಡಕ ಒರೆಸಿಕೊಂಡು ಎರಡು ಸಲ ಹುಡುಕಿದೆ. ಬೇಸರವಾಯಿತು, ಅದಕ್ಕೇ ಈ ಪತ್ರ.

ನಾನು ಹಾಸನದಲ್ಲಿ 38 ವರ್ಷ ಫೋಟೋ ಸ್ಟುಡಿಯೋ ನಡೆಸಿದವನು. ಹುಟ್ಟಿದ್ದು ಸಕಲೇಶಪುರದ ಹತ್ತಿರದ ಹಳ್ಳಿಯಲ್ಲಿ, ಹೆಂಚಿನ ಮನೆಯಲ್ಲಿ. ಅಡುಗೆಮನೆಗೆ ಒಂದೇ ಒಂದು ಗಾಜಿನ ಹೆಂಚಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಅದರಿಂದ ಬಿಸಿಲುಕೋಲು ಇಳಿಯುತ್ತಿತ್ತು. ಅವ್ವ ಒಲೆ ಊದಿದರೆ ಹೊಗೆ ಅದರೊಳಗೆ ಸುತ್ತುತ್ತಿತ್ತು. ಹೊಗೆ ಇಲ್ಲದ ದಿನ ಕೋಲು ಕಾಣುತ್ತಿರಲಿಲ್ಲ, ನೆಲದ ಮೇಲೆ ಬೆಳಕಿನ ಒಂದು ಚೌಕ ಮಾತ್ರ. ಬೆಳಕು ಕಣ್ಣಿಗೆ ಕಾಣಬೇಕಾದರೆ ನಡುವೆ ಏನಾದರೂ ತಡೆ ಇರಬೇಕು ಅಂತ ನಾನು ಕಲಿತದ್ದು ಅಲ್ಲಿ.

ಕಾಲೇಜಿಗೆ ಹಾಸನಕ್ಕೆ ಬಂದ ಮೇಲೆ ಒಂದು ಭಾನುವಾರ ಬೆಳಗಿನ ಆಟಕ್ಕೆ ಗುರುದತ್ ನಿರ್ದೇಶಿಸಿ ನಟಿಸಿದ 'ಕಾಗಜ್ ಕೆ ಫೂಲ್' ನೋಡಿದೆ. ನನ್ನ ಹಿಂದಿ ಅರ್ಧಂಬರ್ಧ. ಖಾಲಿ ಸ್ಟುಡಿಯೋ. ಗುರುದತ್ ಒಂದು ಕಡೆ, ನಾಯಕಿ ವಹೀದಾ ರೆಹಮಾನ್ ಒಂದು ಕಡೆ. ಮೇಲಿನಿಂದ ಇಳಿದ ದಪ್ಪ ಬಿಸಿಲುಕೋಲು. ಹಿನ್ನೆಲೆಯಲ್ಲಿ ಗೀತಾ ದತ್ ಹಾಡುತ್ತಿದ್ದಾರೆ. ನಮ್ಮ ಅಡುಗೆಮನೆ ನೆನಪಾಗಿ ಗಂಟಲು ಕಟ್ಟಿತು. ನಾನು ಫೋಟೋಗ್ರಾಫರ್ ಆದದ್ದೇ ಆ ಹಾಡಿನಿಂದ ಅಂದರೂ ತಪ್ಪಿಲ್ಲ.

ಅದನ್ನು ಮಾಡಿದ್ದು ಹೇಗೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಸ್ಟುಡಿಯೋ ಲೈಟು ಹಾಕಿದರೆ ಬೆಳಕು ದೂರ ಹೋದಷ್ಟೂ ಹರಡಿಕೊಳ್ಳುತ್ತದೆ. ಅಂಚು ನೆಟ್ಟಗೆ ನಿಲ್ಲುವುದಿಲ್ಲ. ಸೂರ್ಯ ಅಷ್ಟು ದೂರ ಇರುವುದರಿಂದ ಬಿಸಿಲು ಮಾತ್ರ ನೆಟ್ಟಗೆ ಬರುತ್ತದೆ. ಮೂರ್ತಿಯವರು ಹೊರಗೆ ಒಂದು ದೊಡ್ಡ ಕನ್ನಡಿ ನಿಲ್ಲಿಸಿ ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಒಳಗೆ ಎತ್ತರದಲ್ಲಿ ಇನ್ನೊಂದು ಕನ್ನಡಿ ಅದನ್ನು ಕೆಳಕ್ಕೆ ಇಳಿಸಿತು. ಸ್ವಲ್ಪ ಹೊಗೆ ಹಾಕಿದರು. ಅಷ್ಟೇ. ಎರಡು ಕನ್ನಡಿ, ಮುಂಬೈ ಬಿಸಿಲು. ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ಈ ಮೂರ್ತಿಯವರು ನಮ್ಮ ಮೈಸೂರಿನವರು. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. 1951ರ 'ಬಾಜಿ' ಗುರುದತ್ ನಿರ್ದೇಶಿಸಿದ ಮೊದಲ ಚಿತ್ರ. ಅದರಲ್ಲಿ ಮೂರ್ತಿ ಬರೀ ಸಹಾಯಕ. ಒಂದು ಹಾಡಿಗೆ ಕನ್ನಡಿಯಿಂದ ಶುರುವಾಗುವ ಕಷ್ಟದ ಶಾಟ್ ತೆಗೆದುಕೊಟ್ಟರು. ಮರುವರ್ಷ 'ಜಾಲ್'ಗೆ ಅವರೇ ಛಾಯಾಗ್ರಾಹಕ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ, 2008ರ ಸಾಲಿಗೆ. ಕನ್ನಡ ಪತ್ರಿಕೆಯೇ ಅವರನ್ನು ಮರೆತರೆ ಹೇಗೆ?

ಲೇಖನದಲ್ಲಿ ಗುರುದತ್ ಅವರನ್ನು ಬಂಗಾಳಿ ಅಂದಿದ್ದೀರಿ. ಅಲ್ಲ. ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರ ಜುಲೈ 9ರಂದು. ಪಡುಕೋಣೆ ಮನೆತನದ ಕೊಂಕಣಿ ಮಾತಿನವರು. ಬೆಳೆದದ್ದು ಕೋಲ್ಕತ್ತಾದಲ್ಲಿ. ಬಂಗಾಳಿ ಚೆನ್ನಾಗಿ ಬರುತ್ತಿತ್ತು, ಹೆಸರೂ ಹಾಗಿದೆ, ಅದಕ್ಕೇ ಜಾಸ್ತಿ ಜನ ತಪ್ಪು ತಿಳಿಯುತ್ತಾರೆ. ಅಲ್ಮೋರಾದಲ್ಲಿ ಉದಯ ಶಂಕರ್ ಬಳಿ ನೃತ್ಯ ಕಲಿತರು. ಆಮೇಲೆ ಪುಣೆಯ ಪ್ರಭಾತ್ ಸಿನಿಮಾ ಕಂಪನಿಗೆ ನೃತ್ಯ ಹೇಳಿಕೊಡಲು ಸೇರಿದರು. ದೇವ್ ಆನಂದ್ ಸ್ನೇಹ ಅಲ್ಲೇ. ಗುರುದತ್ ಅವರ ಹಾಡುಗಳಲ್ಲಿ ಕ್ಯಾಮೆರಾ ಅಷ್ಟು ಹಗುರಾಗಿ ಓಡಾಡುವುದಕ್ಕೆ ಆ ನೃತ್ಯವೇ ಕಾರಣ ಅನ್ನುವುದು ನನ್ನ ನಂಬಿಕೆ.

ಇನ್ನೊಂದು ಮಾತು. 'ಕಾಗಜ್ ಕೆ ಫೂಲ್' 1959ರಲ್ಲಿ ಸೋತಿತು, ಅಲ್ಲಿಗೆ ಮನುಷ್ಯ ಮುಗಿದ ಅನ್ನುವ ಹಾಗೆ ಬರೆದಿದ್ದೀರಿ. ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರ ಅದು. ಸೋತಿದ್ದು ನಿಜ. ಆಮೇಲೆ ನಿರ್ದೇಶಕ ಅಂತ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ, ಅದೂ ನಿಜ. ಆದರೆ ಮರುವರ್ಷವೇ ಅವರು ನಿರ್ಮಿಸಿ ನಟಿಸಿದ 'ಚೌದವೀಂ ಕಾ ಚಾಂದ್' ಚೆನ್ನಾಗಿ ಓಡಿತು. 1962ರಲ್ಲಿ ಅವರದೇ ನಿರ್ಮಾಣದ 'ಸಾಹಿಬ್ ಬೀಬಿ ಔರ್ ಗುಲಾಮ್' ಬಂತು, ನಿರ್ದೇಶನ ಅಬ್ರಾರ್ ಅಲ್ವಿ ಹೆಸರಿನಲ್ಲಿ. ಅದಕ್ಕೂ ಮೂರ್ತಿಯವರಿಗೆ ಫಿಲ್ಮ್‌ಫೇರ್ ಸಿಕ್ಕಿತು. ಆಮೇಲೂ ಐದು ವರ್ಷ ಕೆಲಸ ಮಾಡಿದ ಮನುಷ್ಯನನ್ನು ಐದು ವರ್ಷ ಮುಂಚೆಯೇ ಕೊಂದುಬಿಟ್ಟರೆ ನ್ಯಾಯವಾ? 39 ವರ್ಷಕ್ಕೇ ಹೋದವರು. ಇದ್ದಷ್ಟು ದಿನವನ್ನಾದರೂ ಪೂರ್ತಿ ಕೊಡೋಣ. 1957ರ 'ಪ್ಯಾಸಾ'ದಂಥ ದುಃಖದ ಚಿತ್ರದಲ್ಲೂ ಹಾಸ್ಯನಟ ಜಾನಿ ವಾಕರ್ ಎಣ್ಣೆ ಬಾಟಲಿ ಹಿಡಿದು ತಲೆ ಮಾಲೀಶಿಗೆ ಕೂಗುತ್ತಾ ಬರುತ್ತಾರೆ. ನಗಿಸುವುದೂ ಗುರುದತ್ ಅವರಿಗೆ ಗೊತ್ತಿತ್ತು.

ಸ್ಟುಡಿಯೋ ಈಗ ಮುಚ್ಚಿದ್ದೇನೆ. ಆದರೂ ಮದುವೆ ಫೋಟೋ ತೆಗೆಯುವ ನಾಲ್ಕೈದು ಹುಡುಗರು ಸಂಜೆ ಮನೆಗೆ ಬರುತ್ತಾರೆ. ಹೋದ ತಿಂಗಳು ಮೊಬೈಲಿನಲ್ಲಿ ಅದೇ ಹಾಡು ತೋರಿಸಿದೆ. ಒಬ್ಬ ಅದನ್ನು ನಿಲ್ಲಿಸಿ, ಹಿಗ್ಗಿಸಿ ನೋಡಿ, 'ಸಾರ್, ಇದು ಎಷ್ಟು ವ್ಯಾಟ್ ಲೈಟು?' ಅಂದ. 'ಬಿಸಿಲು ಕಣಪ್ಪ' ಅಂದೆ. ನಂಬಲಿಲ್ಲ. ಎದ್ದು ನಮ್ಮ ಬೀರುವಿನ ಕನ್ನಡಿ ಬಾಗಿಲನ್ನು ಕಿಟಕಿ ಕಡೆ ತಿರುಗಿಸಿ, ಊದುಬತ್ತಿ ಹಚ್ಚಿ ತೋರಿಸಬೇಕಾಯಿತು. ಆಮೇಲೆ ಮೂರ್ತಿಯವರ ಬಗ್ಗೆ ಕನ್ನಡದಲ್ಲಿ ಓದಲು ಏನಾದರೂ ಕೊಡಿ ಅಂದರು. ನನ್ನ ಹತ್ತಿರ ಇರಲಿಲ್ಲ.

ನಿಮ್ಮ ಪತ್ರಿಕೆ ಇನ್ನೊಂದು ಅರ್ಧ ಪುಟ ಕೊಡಲಿ. ಈ ಸಲ ಗುರುದತ್ ಮತ್ತು ಮೂರ್ತಿ ಇಬ್ಬರ ಕೆಲಸದ ಮೇಲೆ. ನಾಲ್ಕೈದು ಪ್ರತಿ ಕೊಂಡು ಆ ಹುಡುಗರಿಗೆ ಕೊಡುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗ
ಹಾಸನ