ಜಿಗ್ ಸಾಕು, ಬಾಸ್ ಬೇಡ

ಪ್ರಿಯ ಗೆಳೆಯಾ,

ಟೆಕ್ಸಾಸ್‌ನಿಂದ ನೀನು ಕಳುಹಿಸಿದ ಡಬ್ಬಿ ಹಿರಿಯೂರು ತಲುಪಿತು. ಮೀನು ಹಿಡಿಯುವ ಆ ಜಿಗ್‌ಗಳನ್ನು ಮೇಜಿನ ಮೇಲೆ ಹರವಿದ ಕೂಡಲೇ ನಮ್ಮ ಮನೆಯಾಕೆ, 'ಇವೇನು, ಕಿವಿಯ ಲೋಲಾಕೇ?' ಎಂದಳು. ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ಸೀಸದ ತಲೆ, ಅದರೊಳಗೇ ಎರಕ ಹೊಯ್ದು ಕೂರಿಸಿದ ಗಾಳ, ಸುತ್ತ ಕಪ್ಪು, ನೀಲಿ ಎಳೆಗಳ ಝಾಲರಿ. ನನಗೆ ಹಿಡಿಸಿದ್ದು ಗಾಳದ ಮೊನೆಯ ಮುಂದಿರುವ ಬಿರುಸು ಎಳೆಗಳ ಗಿಡ್ಡ ಕಟ್ಟು. ಕೊಂಬೆಗೆ ತಾಗಿದಾಗ ಮೊನೆಯನ್ನು ಕಾಯುತ್ತದೆ. ಮೀನು ಬಾಯಿ ಮುಚ್ಚಿದಾಗ ಬಾಗಿ ದಾರಿ ಬಿಡುತ್ತದೆ. ಇದನ್ನು ಯೋಚಿಸಿದವನು ಮರದ ನಡುವೆ ಗಾಳ ಕಳೆದುಕೊಂಡು ಬೇಸತ್ತವನೇ ಇರಬೇಕು.

ನಿಮ್ಮ ಟೆಕ್ಸಾಸ್‌ನ ಲೇಕ್ ಫೋರ್ಕ್ ಜಲಾಶಯದ ಕತೆ ಓದಿದೆ. 1980ರಲ್ಲಿ ಅಣೆಕಟ್ಟು ಮುಗಿದಾಗ ಮರಗಳನ್ನು ಪೂರ್ತಿ ಕಡಿಯದೆ ನೀರಿನಲ್ಲೇ ಬಿಟ್ಟರಂತೆ, ಬಾಸ್ ಎಂಬ ಬೇಟೆಗಾರ ಮೀನು ಆ ಬೊಡ್ಡೆಗಳ ಬುಡದಲ್ಲೇ ಹೊಂಚು ಹಾಕುತ್ತದಂತೆ. ಜಿಗ್ ತಳಕ್ಕಿಳಿಯುವಾಗಲೇ ಅದು ನೀರಿನ ಸಮೇತ ಒಳಗೆಳೆದುಕೊಂಡು, ಸಂಶಯ ಬಂದರೆ ಅಷ್ಟೇ ಬೇಗ ಉಗುಳಿಬಿಡುತ್ತದೆ. ಆದ್ದರಿಂದ ಕೈಗಿಂತ ಕಣ್ಣು ಚುರುಕಾಗಿರಬೇಕು, ದಾರ ಪಕ್ಕಕ್ಕೆ ಸರಿದರೆ ಎಳೆಯಬೇಕು ಎಂದು ಬರೆದಿದ್ದೀಯ. ಬೆಂಡು ಮುಳುಗುವುದನ್ನೇ ಕಾಯುತ್ತ ಬೆಳೆದ ನನಗೆ ಅದು ರೂಢಿಯಾಗಲು ಸಮಯ ಹಿಡಿಯಿತು.

ಮುಳುಗಿದ ಗಿಡಮರ ನಮ್ಮಲ್ಲೂ ಇವೆ. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿ ವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. 130 ಅಡಿ ತುಂಬಿದ ಮಾರಿಕಣಿವೆಯನ್ನು ನೋಡದೆಯೇ ನಮ್ಮ ಅಪ್ಪಂದಿರ ಕಾಲ ಕಳೆದುಹೋಯಿತು. ನೀರು ಹಿಂದೆ ಸರಿದಲ್ಲೆಲ್ಲ ಬಳ್ಳಾರಿ ಜಾಲಿ ಎದ್ದಿತ್ತು. ಈಗ ಅಂಚಿನ ಜಾಲಿಯೆಲ್ಲ ನೀರಿನೊಳಗೆ. ಮೀನಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೇ? ಗುತ್ತಿಗೆ ಹಿಡಿದವರ ಒಪ್ಪಿಗೆ ಪಡೆದು ಹಿನ್ನೀರಿನ ಕಡೆ ಹೋದೆ.

ಜಾಲಿಯ ಮುಂದೆ ನಿನ್ನ ಬಿರುಸು ಎಳೆಗಳ ಆಟ ಅರ್ಧ ಮಾತ್ರ ನಡೆಯುತ್ತದೆ. ಕೊಂಬೆಯಿಂದ ಜಾರುವ ಜಿಗ್ ಮುಳ್ಳಿಗೆ ಝಾಲರಿ ಸಿಕ್ಕಿಸಿಕೊಂಡು ನಿಲ್ಲುತ್ತದೆ. ಹಾಗಾಗಿ ಪೊದೆಯೊಳಗೆ ಬೀಸುವುದನ್ನು ಬಿಟ್ಟು ಅದರ ನೆರಳಿನ ಅಂಚಿಗೆ ಬಂದೆ. ಅಲ್ಲಿರುವುದು ಕೊರಮೀನು. ಬಾಸ್‌ನಂತಲ್ಲ, ಇದಕ್ಕೆ ಗಾಳಿ ಬೇಕು. ಆಗಾಗ ಮೇಲೆ ಬಂದು ಗುಟುಕರಿಸಿ ಇಳಿಯುತ್ತದೆ. ಎದ್ದ ಉಂಗುರದ ಮೇಲೆಯೇ ಜಿಗ್ ಬಿದ್ದರೆ ಮೀನು ಹೆದರಿ ಓಡುತ್ತದೆ. ಅದರಿಂದ ಒಂದು ಮಾರು ಆಚೆ ಹಾಕಿ, ನಿಧಾನವಾಗಿ ಎಳೆದು ತಂದು, ಉಂಗುರ ಎದ್ದ ಜಾಗದಲ್ಲಿ ಇಳಿಯಬಿಡಬೇಕು. 14 ಗ್ರಾಮಿನ ತಲೆ ಕಲ್ಲಿನಂತೆ ತಳ ಸೇರುತ್ತದೆ. ಅದಕ್ಕಿಂತ ಹಗುರವಾದದ್ದೇ ಇಲ್ಲಿಗೆ ಸರಿ. ಹಿಡಿದ ತಕ್ಷಣ ಗಟ್ಟಿಯಾಗಿ ಎಳೆಯಬೇಕು, ಏಕೆಂದರೆ ಬಾಯಿ ಬರೀ ಎಲುಬು. ಮರುಗಳಿಗೆಯಲ್ಲೇ ಪೊದೆಯಿಂದ ಹೊರಗೆ ತರದಿದ್ದರೆ ಮೀನೂ ಇಲ್ಲ, ಜಿಗ್ಗೂ ಇಲ್ಲ.

ಮಳೆಗಾಲದಲ್ಲಿ ಮಾತ್ರ ನಾನು ಹೋಗುವುದಿಲ್ಲ. ಆಗ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುತ್ತಿರುತ್ತದೆ, ಕೆಳಗೆ ತಂದೆ ತಾಯಿ ಕಾವಲು. ಆ ಗುಂಪಿನ ನಡುವೆ ಕಪ್ಪೆ ಎಸೆದರೆ ಎಂಥ ದಡ್ಡನಿಗೂ ಮೀನು ಸಿಗುತ್ತದೆ. ಅದನ್ನು ಬೇಟೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಇನ್ನು, 'ಮಾರಿಕಣಿವೆಗೆ ಒಂದಷ್ಟು ಬಾಸ್ ಮರಿ ಬಿಟ್ಟರೆ ಹೇಗೆ?' ಎಂಬ ನಿನ್ನ ಮಾತು. ತಮಾಷೆಗೆ ಬರೆದಿದ್ದರೂ ಉತ್ತರ ಕೊಡುತ್ತೇನೆ. ಜಪಾನಿನವರು 1925ರಲ್ಲಿ ಆಶಿ ಸರೋವರಕ್ಕೆ ಬಾಸ್ ಬಿಟ್ಟರು. ಅಲ್ಲಿಂದ ದೇಶವೆಲ್ಲ ಹರಡಿ ಊರಿನ ಮೀನುಗಳನ್ನು ತಿಂದು, 2005ರಲ್ಲಿ ಅದನ್ನು ಸಾಕುವುದನ್ನೂ ಸಾಗಿಸುವುದನ್ನೂ ಕಾನೂನಿನಿಂದಲೇ ತಡೆಯಬೇಕಾಯಿತು. ಅಮೆರಿಕದ ಜಾರ್ಜಿಯಾ ರಾಜ್ಯದ 1932ರ ವಿಶ್ವದಾಖಲೆಯನ್ನು ಸರಿಗಟ್ಟಿದ 10.12 ಕಿಲೋ ಬಾಸ್ 2009ರಲ್ಲಿ ಸಿಕ್ಕಿದ್ದು ಅಲ್ಲಿನ ಬಿವಾ ಸರೋವರದಲ್ಲೇ! ಗಾಳಗಾರನಿಗೆ ದಾಖಲೆ, ಬಲೆ ಹಾಕುವವನಿಗೆ ಕೇಡು. ಇಲ್ಲಿ ತೆಪ್ಪದವರು ಬದುಕುವುದು ಕಾಟ್ಲಾ, ರೋಹು ಮರಿ ಬೆಳೆದು ದೊಡ್ಡದಾಗುವುದನ್ನು ನಂಬಿಕೊಂಡು. ಬಾಸ್‌ಗೆ ಆ ಮರಿಗಳೇ ಉಪಾಹಾರ. ಹೊರಗಿನಿಂದ ಬಂದ ಜಿಲೇಬಿ ಮೀನು (ತಿಲಾಪಿಯಾ) ತುಂಬಿರುವುದು ಸಾಲದೇ? ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧವಾಗಿ ಎರಡು ದಶಕ ಕಳೆದರೂ ಹೊಂಡಗಳಲ್ಲಿ ಗುಟ್ಟಾಗಿ ಸಾಕುವವರು ಇನ್ನೂ ಇದ್ದಾರೆ. ಒಮ್ಮೆ ನೀರಿಗೆ ಬಿಟ್ಟದ್ದನ್ನು ಬಾ ಎಂದರೆ ಬರುವುದಿಲ್ಲ. ನಿನ್ನ ಬಾಸ್ ನಿನ್ನ ಲೇಕ್ ಫೋರ್ಕ್‌ನಲ್ಲೇ ಸುಖವಾಗಿರಲಿ.

ಡಿಸೆಂಬರಿನಲ್ಲಿ ಬರುವಾಗ ಸೀಸದ ಜಿಗ್ ತರಬೇಡ. ಜಾಲಿಗೆ ಸಿಕ್ಕಿ ಕಡಿದುಹೋದದ್ದು ಅಲ್ಲೇ ಉಳಿಯುತ್ತದೆ. ಹಿರಿಯೂರೂ ಚಿತ್ರದುರ್ಗವೂ ಕುಡಿಯುವುದು ಅದೇ ನೀರನ್ನು. ಟಂಗ್‌ಸ್ಟನ್ ತಲೆಯವು ದುಬಾರಿ ಎಂದು ಗೊತ್ತು, ನಾಲ್ಕು ಕಡಿಮೆ ತಂದರೂ ಪರವಾಗಿಲ್ಲ. ಜೊತೆಗೆ ದಪ್ಪನೆಯ ಹೆಣೆದ ದಾರದ ಒಂದು ಉಂಡೆ ತಾ.

ನಿನ್ನ,
ಹಿರಿಯೂರಿನ ಗೆಳೆಯ