ಚೀಲದೊಳಗಿನ ಮಳೆ

ಫೋರ್ಟ್ ವಿಲಿಯಂ, ಸ್ಕಾಟ್ಲೆಂಡ್
ಸೆಪ್ಟೆಂಬರ್ 14

ಪ್ರೀತಿಯ ಆಯಿಗೆ ನಮಸ್ಕಾರ.

ಮೊನ್ನೆ ಫೋನಿನಲ್ಲಿ "ಗುಡ್ಡದ ಮೇಲೆ ಚೀಲದಲ್ಲಿ ಮಲಗಿದ್ದೆ" ಅಂದಿದ್ದಕ್ಕೆ ನೀನು "ಬಾಡಿಗೆಗೆ ದುಡ್ಡಿಲ್ವಾ?" ಅಂತ ಗಾಬರಿಯಾದೆ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಶಿರಸಿ ಕಡೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದಲ್ಲ. ಅದಕ್ಕೇ ಈ ಪತ್ರ.

ಅದು ಗೋಣಿಚೀಲ ಅಲ್ಲ. ಬಿವಿ ಬ್ಯಾಗ್ ಅಂತಾರೆ. ಟೆಂಟಿಲ್ಲ, ಕೋಲಿಲ್ಲ. ಸ್ಲೀಪಿಂಗ್ ಬ್ಯಾಗಿನ ಮೇಲೆ ಎಳೆದುಕೊಳ್ಳುವ, ಮಳೆ ತಡೆಯುವ ಗವಸು ಅಷ್ಟೇ. ಇಲ್ಲಿ 2003ರ ಕಾನೂನಿನಿಂದಾಗಿ ಬೇಲಿಯಿಲ್ಲದ ಗುಡ್ಡಗಳಲ್ಲಿ, ಗಲೀಜು ಮಾಡದೆ, ಒಂದೆರಡು ರಾತ್ರಿ ಮಲಗಬಹುದು.

ಮೊದಲ ರಾತ್ರಿ ಜಿಟಿಜಿಟಿ ಮಳೆ. ತಲೆ ಒಳಗೆ ಎಳೆದುಕೊಂಡು ಜಿಪ್ ಪೂರ್ತಿ ಹಾಕಿದೆ. ಬೆಳಗಿನ ಜಾವ ಮೂಗಿನ ಮೇಲೆ ಟಪ್ ಅಂತ ಒಂದು ಹನಿ. ಕೈಯಾಡಿಸಿದರೆ ಮುಖದ ಮೇಲಿನ ಬಟ್ಟೆಯೆಲ್ಲ ತಣ್ಣಗೆ, ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ನೀರು. ಸ್ಲೀಪಿಂಗ್ ಬ್ಯಾಗಿನ ಬಾತುಕೋಳಿ ಪುಕ್ಕ ಮುದ್ದೆಯಾಗಿತ್ತು. ಪುಕ್ಕ ಒದ್ದೆಯಾದರೆ ಬಿಸಿಯೇ ನಿಲ್ಲುವುದಿಲ್ಲ. ಅಜ್ಜನ ಕಂಬಳಿಕೊಪ್ಪೆ ಎಷ್ಟೋ ವಾಸಿ, ನೆನೆದರೂ ಬೆಚ್ಚಗಿರುತ್ತಿತ್ತು.

ಚೀಲ ಸೋರುತ್ತಿದೆ ಅಂತ ಅಂಗಡಿಯವನ ಜೊತೆ ಜಗಳಕ್ಕೇ ತಯಾರಾಗಿದ್ದೆ. ಆಫೀಸಿನ ಗೆಳೆಯ ತಡೆದ. ಬಚ್ಚಲಲ್ಲಿ ತೂಗುಹಾಕಿ ಒಳಗೆ ಎರಡು ತಂಬಿಗೆ ನೀರು ಸುರಿದೆವು. ಒಂದು ಗಂಟೆ ಕಾದರೂ ಹೊರಗೆ ಹನಿಯಿಲ್ಲ! ಹಾಗಾದರೆ ನೀರು ಎಲ್ಲಿಂದ ಬಂತು? ನನ್ನ ಉಸಿರಿನಿಂದಲೇ. ಆ ಬಟ್ಟೆ ಮಳೆ ಹನಿಯನ್ನು ತಡೆದು, ಮೈಯ ಆವಿಯನ್ನು ಮಾತ್ರ ನಿಧಾನಕ್ಕೆ ಹೊರಗೆ ಬಿಡುತ್ತದೆ. ಹೊರಮೈ ನೆನೆದು ತಣ್ಣಗಾದರೆ ಅದೂ ಕಷ್ಟ. ಅದರ ಮೇಲೆ ರಾತ್ರಿಯಿಡೀ ಉಸಿರು ಬಿಟ್ಟರೆ ಎಲ್ಲಿಗೆ ಹೋಗಬೇಕು?

ಆಗ ಮಳೆಗಾಲದಲ್ಲಿ ಅಪ್ಪಯ್ಯ ಅಡಿಕೆ ಗೊನೆಗಳಿಗೆ ಕಟ್ಟಿಸುವ ಕೊಟ್ಟೆ ನೆನಪಾಯಿತು. ಚಿಕ್ಕವನಿದ್ದಾಗ ಅಂಗಳದಲ್ಲಿ ಪ್ಲಾಸ್ಟಿಕ್ ಕೊಟ್ಟೆ ಎಣಿಸಿಡುತ್ತಾ, "ಬುಡಕ್ಕೂ ದಾರ ಬಿಗಿದರೆ ಗೊನೆಗೆ ಮಳೆಯೇ ತಾಗೋದಿಲ್ಲ ಅಲ್ವಾ?" ಅಂತ ಕೇಳಿದ್ದೆ. "ಒಳಗೇ ಬೆವೆತು ಕೊಳೀತದೆ ಮಾರಾಯ, ಬುಡ ಬಿಡು" ಅಂದಿದ್ದರು. ಅಡಿಕೆಗೆ ಗೊತ್ತಿದ್ದದ್ದು ನನಗೆ ಮರೆತುಹೋಗಿತ್ತು.

ಎರಡನೇ ಸಲ ಬುಡ ಬಿಟ್ಟೆ, ಅಂದರೆ ಮುಖ ಹೊರಗಿಟ್ಟೆ. ತಲೆಯ ಮೇಲೆ ಸಣ್ಣ ಟಾರ್ಪಾಲು ಇಳಿಜಾರಾಗಿ ಕಟ್ಟಿ, ಗಾಳಿಗೆ ಬೆನ್ನು ಮಾಡಿ ಮಲಗಿದೆ. ನುಸಿಗೆ ಮುಖದ ಮೇಲೆ ಬಲೆ. ಹಳ್ಳದ ಪಕ್ಕ ಚೆಂದದ ಜಾಗ ಇತ್ತು, ಬೇಡವೆಂದೆ. ತಗ್ಗಿನಲ್ಲಿ ತಣ್ಣನೆ ಗಾಳಿ ಕೂತು ಇಬ್ಬನಿ ಜಾಸ್ತಿ. ಸ್ವಲ್ಪ ಏರಿನಲ್ಲಿ, ಮೈ ಕೆಳಗೆ ಫೋಮಿನ ಚಾಪೆ ಹಾಕಿದೆ. ಒದ್ದೆ ಜಾಕೆಟ್ ಒಳಗೆ ತರಲಿಲ್ಲ. ಮತ್ತೆ ಮಳೆ ಬಂತು. ಚೀಲದ ಮೇಲೆ ಹೆಂಚಿನ ಮೇಲೆ ಬಿದ್ದ ಹಾಗೆ ಸದ್ದು. ಬೆಳಿಗ್ಗೆ ಬಾಯಿಯ ಹತ್ತಿರ ಅಂಗೈಯಗಲ ಒದ್ದೆ, ಅಷ್ಟೇ. ಬಿಸಿಲು ಬಂದ ಮೇಲೆ ಒಳಗು ಹೊರಗು ಮಾಡಿ ಬಂಡೆಯ ಮೇಲೆ ಹರಡಿದೆ. ನಾನು ಚಹಾ ಕುಡಿಯುವುದರೊಳಗೆ ಒಣಗಿತ್ತು.

ತೋಟಕ್ಕೆ ಎರಡನೇ ಮದ್ದು ಹೊಡೆದಾಯಿತಾ? ಈ ಸಲ ಅಡಿಕೆಗೆ ಕೊಳೆರೋಗ ಹೇಗಿದೆ ಅಂತ ಅಪ್ಪಯ್ಯನಿಗೆ ಬರೆಯಲು ಹೇಳು. ದೀಪಾವಳಿಗೆ ಬರುವಾಗ ಚೀಲ ತರುತ್ತೇನೆ. ಅಟ್ಟದ ಮೇಲಿನ ಅಜ್ಜನ ಕಂಬಳಿ ಯಾರಿಗೂ ಕೊಡಬೇಡ. ಅದನ್ನು ನಾನು ಒಯ್ಯುತ್ತೇನೆ.

ಇಂತಿ,
ನಿನ್ನ ಮಗ